ಮಾನಿಟರ್‌ನಿಂದ ಶುರುಮಾಡಿದ ಪಟ್ಟಿ: ನನ್ನ ಮೊದಲ ಗೇಮಿಂಗ್ ಕಂಪ್ಯೂಟರ್

ನಾನು ಬರೆದ ಮೊದಲ ಪಟ್ಟಿ ಇನ್ನೂ ನನ್ನ ನೋಟ್‌ಬುಕ್ಕಿನಲ್ಲಿದೆ. ಎಂಟು ಕೋರ್‌ನ ರೈಜೆನ್ 7 ಪ್ರೊಸೆಸರ್, ದೀಪಗಳಿರುವ ದುಬಾರಿ ಮದರ್‌ಬೋರ್ಡ್, ಲಿಕ್ವಿಡ್ ಕೂಲರ್, ಗಾಜಿನ ಬಾಗಿಲಿನ ಕ್ಯಾಬಿನೆಟ್. ಇಷ್ಟನ್ನೂ ಬರೆದು ಕೂಡಿಸಿ ನೋಡಿದಾಗ ಗ್ರಾಫಿಕ್ಸ್ ಕಾರ್ಡಿಗೆ ಉಳಿದದ್ದು ಒಟ್ಟು ಹಣದ ಐದನೇ ಒಂದು ಪಾಲು. ಮಾನಿಟರ್ ಪಟ್ಟಿಯಲ್ಲೇ ಇರಲಿಲ್ಲ. ಅಲ್ಲಿಯವರೆಗೆ ನಾನು ಆಡುತ್ತಿದ್ದದ್ದು ಲ್ಯಾಪ್‌ಟಾಪಿನಲ್ಲಿ. ಪರದೆಗೆ ಬೇರೆಯೇ ದುಡ್ಡು ತೆಗೆದಿಡಬೇಕು ಅನ್ನುವುದು ತಲೆಗೆ ಹೊಳೆದಿರಲಿಲ್ಲ.

ಆ ಪುಟ ಬಿಟ್ಟು ಮುಂದಿನ ಪುಟದ ಮೇಲ್ಭಾಗದಲ್ಲಿ ಮಾನಿಟರ್ ಅಂತ ಬರೆದೆ. ಎಲ್ಲವೂ ಸರಿಹೋಗಿದ್ದು ಅಲ್ಲಿಂದಲೇ. 1080ಪಿ ಪರದೆಯಲ್ಲಿ 1920 ಅಡ್ಡ, 1080 ಉದ್ದ, ಅಂದರೆ ಸುಮಾರು 20.7 ಲಕ್ಷ ಪಿಕ್ಸೆಲ್. 1440ಪಿ ಪರದೆಯಲ್ಲಿ ಸುಮಾರು 36.9 ಲಕ್ಷ. ಒಂದೊಂದು ಫ್ರೇಮಿಗೂ, ಅಂದರೆ ಪರದೆಯ ಒಂದೊಂದು ಚಿತ್ರಕ್ಕೂ, ಗ್ರಾಫಿಕ್ಸ್ ಕಾರ್ಡ್ ಇಷ್ಟನ್ನೂ ಹೊಸದಾಗಿ ಚಿತ್ರಿಸಬೇಕು. ಪರದೆ ದೊಡ್ಡದಾದರೆ ಕಾರ್ಡೂ ದೊಡ್ಡದಾಗಬೇಕು, ನನ್ನ ಹಣ ಅದಕ್ಕೆ ಸಾಲುವುದಿಲ್ಲ. ಹಾಗಾಗಿ 1080ಪಿ ಎಂದು ತೀರ್ಮಾನ ಮಾಡಿದೆ. ಆದರೆ 60 ಹರ್ಟ್ಸ್ ಬೇಡ, 144 ಹರ್ಟ್ಸ್ ಇರಲಿ ಎಂದುಕೊಂಡೆ. ಹರ್ಟ್ಸ್ ಅಂದರೆ ಪರದೆ ಸೆಕೆಂಡಿಗೆ ಎಷ್ಟು ಸಲ ಚಿತ್ರ ಬದಲಿಸುತ್ತದೆ ಅನ್ನುವ ಲೆಕ್ಕ. 60ರಲ್ಲಿ ಒಂದು ಫ್ರೇಮ್ 16.7 ಮಿಲಿಸೆಕೆಂಡ್ ಪರದೆಯ ಮೇಲೆ ನಿಲ್ಲುತ್ತದೆ, 144ರಲ್ಲಿ 6.9 ಮಾತ್ರ. ನಾನು ಹೆಚ್ಚು ಆಡುವುದು ಗುರಿಯಿಟ್ಟು ಹೊಡೆಯುವ ಆನ್‌ಲೈನ್ ಆಟಗಳನ್ನು. ಅಂಥ ಆಟಗಳಲ್ಲಿ ಈ ವ್ಯತ್ಯಾಸ ಕೈಗೇ ಗೊತ್ತಾಗುತ್ತದೆ.

ಇನ್ನು ಗ್ರಾಫಿಕ್ಸ್ ಕಾರ್ಡ್. ಮೂರು ವಾರ ತಲೆ ಕೆಡಿಸಿಕೊಂಡಿದ್ದು ಇದೊಂದಕ್ಕೇ. ಮೊದಲು ಕಣ್ಣಿಗೆ ಬಿದ್ದದ್ದು ಆರ್‌ಎಕ್ಸ್ 6500 ಎಕ್ಸ್‌ಟಿ. ಹೊಸ ಪೀಳಿಗೆಯದು, ಬೆಲೆ ಕಡಿಮೆ, ಹೆಸರಿನಲ್ಲಿ ಎಕ್ಸ್‌ಟಿ ಬೇರೆ. ಕೊಳ್ಳುವುದೊಂದೇ ಬಾಕಿ ಇತ್ತು. ಅಷ್ಟರಲ್ಲಿ ಅದರ ವಿವರದ ಪುಟದಲ್ಲಿ ಒಂದು ಸಾಲು ಓದಿದೆ: 4 ಜಿಬಿ ಮೆಮೊರಿ, ಪಿಸಿಐಇ 4.0, ನಾಲ್ಕು ಲೇನ್. ಪಿಸಿಐಇ ಅಂದರೆ ಕಾರ್ಡನ್ನು ಕಂಪ್ಯೂಟರಿಗೆ ಜೋಡಿಸುವ ಸಂಪರ್ಕ, ಲೇನ್ ಅಂದರೆ ಅದರಲ್ಲಿ ಮಾಹಿತಿ ಓಡುವ ದಾರಿ. ಕಾರ್ಡ್ ಕೂರುವ ಉದ್ದನೆಯ ಸ್ಲಾಟಿನಲ್ಲಿ ಹದಿನಾರು ಲೇನ್ ಇರುತ್ತವೆ. ಈ ಕಾರ್ಡ್ ಬಳಸುವುದು ಅದರಲ್ಲಿ ನಾಲ್ಕನ್ನು ಮಾತ್ರ. ಪಿಸಿಐಇ 4.0 ಬೋರ್ಡಾದರೆ ಹೇಗೋ ನಡೆಯುತ್ತದೆ. ಆದರೆ ಆಗ ನನ್ನ ಪಟ್ಟಿಯಲ್ಲಿದ್ದದ್ದು ಬಿ450 ಬೋರ್ಡ್, ಅದು ಪಿಸಿಐಇ 3.0. ಪ್ರತಿ ಲೇನಿನ ವೇಗ ಅರ್ಧಕ್ಕೆ ಇಳಿಯುತ್ತದೆ.

ಅರ್ಧವಾದರೆ ಏನಾಗುತ್ತದೆ ಅಂತ ಕೆದಕಿದಾಗ ವಿಷಯ ಅರ್ಥವಾಯಿತು. ಆಟದ ಗೋಡೆ, ನೆಲ, ಮುಖ, ಬಟ್ಟೆ ಇವುಗಳ ಮೇಲ್ಮೈ ಚಿತ್ರಗಳೆಲ್ಲ ಕಾರ್ಡಿನ ಸ್ವಂತ ಮೆಮೊರಿಯಲ್ಲಿ ಕೂತಿರಬೇಕು. ಅಲ್ಲಿ ಜಾಗ ಸಾಲದಿದ್ದರೆ ಉಳಿದದ್ದು ಕಂಪ್ಯೂಟರಿನ ರ‍್ಯಾಮ್‌ಗೆ ಹೋಗಿ ಕೂರುತ್ತದೆ, ಬೇಕಾದಾಗಲೆಲ್ಲ ಈ ಲೇನ್‌ಗಳ ಮೂಲಕವೇ ಓಡಿ ಬರಬೇಕು. 4 ಜಿಬಿ ಬೇಗ ತುಂಬುತ್ತದೆ, ದಾರಿಯೂ ಕಿರಿದು. ಆಗ ಆಟ ನಡುನಡುವೆ ತಡವರಿಸುತ್ತದೆ. ಸರಾಸರಿ ಎಫ್‌ಪಿಎಸ್ (ಸೆಕೆಂಡಿಗೆ ಎಷ್ಟು ಫ್ರೇಮ್) ನೋಡಿದರೆ ಪರವಾಗಿಲ್ಲ ಅನ್ನಿಸಬಹುದು, ಆದರೆ ತಿರುವಿನಲ್ಲಿ ಎದುರಾಳಿ ಕಾಣಿಸಿಕೊಂಡ ಕ್ಷಣದಲ್ಲೇ ಚಿತ್ರ ನಿಂತರೆ ಆ ಸರಾಸರಿಯಿಂದ ಏನೂ ಪ್ರಯೋಜನವಿಲ್ಲ. ಹಾಗಾಗಿ ಬೆಂಚ್‌ಮಾರ್ಕ್ (ವೇಗ ಪರೀಕ್ಷೆಯ ಫಲಿತಾಂಶ) ನೋಡುವಾಗ ಸರಾಸರಿಯ ಪಕ್ಕದಲ್ಲಿ ಕೊಡುವ ‘1% ಲೋ’ ಅನ್ನುವ ಅಂಕಿಯನ್ನು ನಾನು ಮೊದಲು ನೋಡುತ್ತೇನೆ. ತೀರಾ ನಿಧಾನವಾದ ಫ್ರೇಮ್‌ಗಳ ಕಥೆ ಇರುವುದು ಅಲ್ಲೇ.

ಕೊನೆಗೆ ಆರ್‌ಎಕ್ಸ್ 6600 ತೆಗೆದುಕೊಂಡೆ. 8 ಜಿಬಿ ಮೆಮೊರಿ, ಎಂಟು ಲೇನ್, 132 ವ್ಯಾಟ್. 1080ಪಿಗೆ ಹೇಳಿ ಮಾಡಿಸಿದ ಹಾಗಿತ್ತು. 12 ಜಿಬಿ ಇರುವ ಆರ್‌ಟಿಎಕ್ಸ್ 3060 ಮೇಲೂ ಆಸೆ ಇತ್ತು. ರೇ ಟ್ರೇಸಿಂಗ್‌ನಲ್ಲಿ (ಬೆಳಕು-ನೆರಳನ್ನು ನಿಜದಂತೆ ಚಿತ್ರಿಸುವುದರಲ್ಲಿ) ಅದೇ ಮುಂದು, ಡಿಎಲ್‌ಎಸ್‌ಎಸ್ (ಕಡಿಮೆ ಪಿಕ್ಸೆಲ್‌ನಲ್ಲಿ ಚಿತ್ರಿಸಿ ದೊಡ್ಡದು ಮಾಡುವ ತಂತ್ರ) ಕೂಡ ಸಿಗುತ್ತಿತ್ತು. ಬೆಲೆಯ ಅಂತರ ನೋಡಿದರೆ ಅಷ್ಟರಲ್ಲಿ ನನ್ನ ಎಸ್‌ಎಸ್‌ಡಿ (ಫೈಲುಗಳನ್ನು ಇಡುವ ವೇಗದ ಡ್ರೈವ್) ಬಂದುಬಿಡುತ್ತಿತ್ತು. ವಿಡಿಯೋ ಎಡಿಟಿಂಗ್ ಅಥವಾ ಬ್ಲೆಂಡರ್‌ನಂಥ 3ಡಿ ಕೆಲಸ ಮಾಡುವವರಾದರೆ ಆ ಅಂತರ ಕೊಟ್ಟು 3060 ತೆಗೆದುಕೊಳ್ಳುವುದೇ ಸರಿ. ನನಗೆ ಆಟವೇ ಮುಖ್ಯವಾಗಿತ್ತು.

ಪ್ರೊಸೆಸರ್ ವಿಷಯದಲ್ಲಿ ಹೆಸರುಗಳು ಬಹಳ ಗೊಂದಲ ಮಾಡುತ್ತವೆ. ರೈಜೆನ್ 5 5500, 5600, 5600ಜಿ, ಮೂರಕ್ಕೂ ಆರು ಕೋರ್, ಹನ್ನೆರಡು ಥ್ರೆಡ್, 65 ವ್ಯಾಟ್. ಆಗ ಬೆಲೆಯಲ್ಲೂ ಅಕ್ಕಪಕ್ಕ. ಆದರೆ 5600ರಲ್ಲಿ ಎಲ್3 ಕ್ಯಾಷ್ (ಪ್ರೊಸೆಸರಿನ ಒಳಗಿನ ಪುಟ್ಟ ಮೆಮೊರಿ) 32 ಎಂಬಿ, ಉಳಿದೆರಡರಲ್ಲಿ 16. ಆಟಗಳಿಗೆ ಕ್ಯಾಷ್ ಅಂದರೆ ಪ್ರಾಣ. ಪ್ರೊಸೆಸರ್ ಕೇಳುವ ಮಾಹಿತಿ ಕೈಯಳತೆಯಲ್ಲೇ ಸಿಕ್ಕಿದರೆ ರ‍್ಯಾಮ್‌ವರೆಗೆ ಹೋಗಿ ಕಾಯುವ ಕೆಲಸ ತಪ್ಪುತ್ತದೆ. ಜೊತೆಗೆ 5600 ಪಿಸಿಐಇ 4.0 ಕೊಡುತ್ತದೆ, ಉಳಿದೆರಡು 3.0ಕ್ಕೇ ನಿಲ್ಲುತ್ತವೆ. 5600ಜಿ ಒಳಗೇ ಗ್ರಾಫಿಕ್ಸ್ ಇಟ್ಟುಕೊಂಡಿದೆ. ಈಗ ಕಾರ್ಡ್ ಕೊಳ್ಳಲು ಆಗುವುದಿಲ್ಲ, ಆರು ತಿಂಗಳು ಬಿಟ್ಟು ನೋಡೋಣ ಅನ್ನುವವರಿಗೆ ಅದು ಒಳ್ಳೆಯ ದಾರಿ. ಇಂಟೆಲ್ ಕಡೆ ಐ3 12100ಎಫ್, ಐ5 12400ಎಫ್ ಎರಡೂ ನನ್ನ ಲೆಕ್ಕದಲ್ಲಿದ್ದವು. ಹೆಸರಿನ ಕೊನೆಯ ಎಫ್ ಅಂದರೆ ಒಳಗೆ ಗ್ರಾಫಿಕ್ಸ್ ಇಲ್ಲ ಅಂತ. ನನ್ನ 5600ರಲ್ಲೂ ಇಲ್ಲ. ಇಂಥ ಪ್ರೊಸೆಸರ್ ಇದ್ದಾಗ ಮಾನಿಟರ್ ಕೇಬಲ್ಲನ್ನು ಮದರ್‌ಬೋರ್ಡಿನ ಎಚ್‌ಡಿಎಂಐಗೆ ಸಿಕ್ಕಿಸಿದರೆ ಪರದೆ ಕಪ್ಪಾಗಿಯೇ ಇರುತ್ತದೆ. ಕೇಬಲ್ ಗ್ರಾಫಿಕ್ಸ್ ಕಾರ್ಡಿಗೇ ಹೋಗಬೇಕು.

ಬೋರ್ಡನ್ನು ಬಿ450ಯಿಂದ ಬಿ550ಗೆ ಬದಲಾಯಿಸಿದೆ. ಪಿಸಿಐಇ 4.0 ಒಂದು ಕಾರಣ. ಇನ್ನೊಂದು, ಹಳೆಯ ಬಿಐಒಎಸ್ (ಬೋರ್ಡಿನಲ್ಲೇ ಇರುವ, ಯಂತ್ರವನ್ನು ಎಬ್ಬಿಸುವ ತಂತ್ರಾಂಶ) ಇರುವ ಬಿ450 ಬೋರ್ಡ್ ಕೈಗೆ ಬಂದರೆ 5000 ಸರಣಿಯ ಪ್ರೊಸೆಸರನ್ನು ಗುರುತಿಸದೆ ಸುಮ್ಮನೆ ಕೂತುಬಿಡಬಹುದು. ಅಪ್‌ಡೇಟ್ ಮಾಡೋಣ ಎಂದರೆ ಬೇರೆ ಪ್ರೊಸೆಸರ್ ಬೇಕು, ಅಥವಾ ಬೋರ್ಡಿನಲ್ಲಿ ಫ್ಲ್ಯಾಷ್‌ಬ್ಯಾಕ್ (ಪ್ರೊಸೆಸರ್ ಇಲ್ಲದೆಯೂ ಬಿಐಒಎಸ್ ಬದಲಿಸುವ) ಗುಂಡಿ ಇರಬೇಕು. ಮೊದಲ ಸಲ ಕಟ್ಟುವವರಿಗೆ ಆ ಪಾಡು ಬೇಡ. ಚಿಕ್ಕ ಅಳತೆಯ, ಅಂದರೆ ಮೈಕ್ರೋ ಎಟಿಎಕ್ಸ್ ಬೋರ್ಡ್ ಸಾಕಾಯಿತು. ರ‍್ಯಾಮ್‌ಗೆ ನಾಲ್ಕು ಸ್ಲಾಟ್ ಇರಲೇಬೇಕು ಅನ್ನುವುದೊಂದೇ ನನ್ನ ಹಠ.

ರ‍್ಯಾಮ್ 8 ಜಿಬಿಯ ಎರಡು ಕಡ್ಡಿಗಳು, ಡಿಡಿಆರ್4, ವೇಗ 3200, ಸಿಎಲ್16 (ಮಾಹಿತಿ ಸಿಗುವವರೆಗೆ ಕಾಯುವ ಹೆಜ್ಜೆಗಳ ಲೆಕ್ಕ). ಒಂದೇ 16 ಜಿಬಿ ಕಡ್ಡಿ ಹಾಕಿದರೆ ಒಂದೇ ಚಾನೆಲ್, ಎರಡು ಹಾಕಿದರೆ ಎರಡು ಚಾನೆಲ್, ಅಂದರೆ ಮಾಹಿತಿಗೆ ಎರಡು ದಾರಿ. 3600 ಸಿಎಲ್18 ಕಡ್ಡಿಗೆ ಸ್ವಲ್ಪ ಹೆಚ್ಚು ಬೆಲೆ ಇತ್ತು. ಲೆಕ್ಕ ಹಾಕಿದರೆ ಎರಡರದ್ದೂ ಕಾಯುವ ಸಮಯ 10 ನ್ಯಾನೋಸೆಕೆಂಡೇ, ಹಾಗಾಗಿ 3200 ಸಾಕೆನ್ನಿಸಿತು.

ಪವರ್ ಸಪ್ಲೈ ಬಗ್ಗೆ ಮಾತ್ರ ನಿಧಾನವಾಗಿ ಹೇಳಬೇಕು, ಯಾಕೆಂದರೆ ದುಡ್ಡು ಉಳಿಸಲು ಎಲ್ಲರೂ ಮೊದಲು ಕೈ ಹಾಕುವುದು ಇದಕ್ಕೇ. ನಾನೂ ಹಾಕಿದ್ದೆ. ಒಂದು ಕ್ಯಾಬಿನೆಟ್ ಜೊತೆಗೇ 500 ವ್ಯಾಟ್ ಪವರ್ ಸಪ್ಲೈ ಬರುತ್ತಿತ್ತು, ಎರಡೂ ಸೇರಿ ಒಂದರ ಬೆಲೆ. ಅದರ ಪಕ್ಕದ ಲೇಬಲ್ ಫೋಟೋವನ್ನು ದೊಡ್ಡದು ಮಾಡಿ ಓದಿದೆ. 12 ವೋಲ್ಟ್ ಸಾಲಿನಲ್ಲಿ 25 ಆಂಪಿಯರ್ ಅಂತಿತ್ತು. ಗುಣಿಸಿದರೆ 300 ವ್ಯಾಟ್. ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಎರಡೂ ಕುಡಿಯುವುದು ಈ 12 ವೋಲ್ಟ್ ಸಾಲಿನಿಂದಲೇ. ಉಳಿದ 200 ವ್ಯಾಟ್ ನನಗೆ ಉಪಯೋಗಕ್ಕೆ ಬಾರದ ಸಾಲುಗಳಲ್ಲಿ ಬರೆದಿಟ್ಟ ಅಂಕಿ. ಅತಿವಿದ್ಯುತ್, ಅತಿವೋಲ್ಟೇಜ್, ಶಾರ್ಟ್ ಸರ್ಕ್ಯೂಟ್ ಇವುಗಳಿಂದ ರಕ್ಷಣೆ ಇದೆಯೇ ಅನ್ನುವುದರ ಬಗ್ಗೆ ಒಂದಕ್ಷರವೂ ಇರಲಿಲ್ಲ.

ನನ್ನ ಯಂತ್ರ ಪೂರ್ತಿ ದುಡಿದರೂ 300 ವ್ಯಾಟ್ ಒಳಗೇ ಇರುತ್ತದೆ. ಹಾಗಿದ್ದರೂ 550 ವ್ಯಾಟ್ ತೆಗೆದುಕೊಂಡೆ. ಅದರ 12 ವೋಲ್ಟ್ ಸಾಲಿನಲ್ಲಿ ಹೆಚ್ಚುಕಡಿಮೆ ಪೂರ್ತಿ ಶಕ್ತಿ ಸಿಗುತ್ತಿತ್ತು, ಐದು ವರ್ಷದ ವಾರಂಟಿ ಇತ್ತು. ಡಬ್ಬದ ಮೇಲಿನ 80 ಪ್ಲಸ್ ಬ್ರಾಂಜ್ ಮುದ್ರೆ ಹೇಳುವುದು ಎಷ್ಟು ಕರೆಂಟು ಶಾಖವಾಗಿ ಪೋಲಾಗುತ್ತದೆ ಅನ್ನುವುದನ್ನು ಮಾತ್ರ. ಒಳಗಿನ ಗುಣಮಟ್ಟ ತಿಳಿಯಬೇಕಾದರೆ ಅದನ್ನು ಬಿಚ್ಚಿ, ಹೊರೆ ಹಾಕಿ ಪರೀಕ್ಷಿಸಿದವರ ವಿಮರ್ಶೆ ಓದಲೇಬೇಕು. ನಾನು ಒಂದು ಮಾಡೆಲ್ಲಿಗೆ ಅಂಥ ಮೂರು ವಿಮರ್ಶೆ ಓದಿದೆ. ಬೇರೆ ಯಾವ ಭಾಗ ಕೈಕೊಟ್ಟರೂ ಅದೊಂದೇ ಹಾಳು. ಪವರ್ ಸಪ್ಲೈ ಕೈಕೊಟ್ಟರೆ ಉಳಿದವನ್ನೂ ಜೊತೆಗೆ ಕರೆದೊಯ್ಯಬಹುದು.

ಎಸ್‌ಎಸ್‌ಡಿ 1 ಟಿಬಿ, ಪಿಸಿಐಇ 3.0 ಎನ್‌ವಿಎಂಇ. ಅದೇ ದುಡ್ಡಿಗೆ ಸಿಗುತ್ತಿದ್ದ 500 ಜಿಬಿಯ ವೇಗದ ಎಸ್‌ಎಸ್‌ಡಿ ಬಿಟ್ಟೆ, ಒಂದೊಂದು ಆಟವೇ 100 ಜಿಬಿ ನುಂಗುವಾಗ ಜಾಗವೇ ಮುಖ್ಯ. ಕ್ಯಾಬಿನೆಟ್ಟಿಗೆ ಮುಂದೆ ಜಾಲರಿ ಇರಬೇಕು, ಕಾರ್ಡಿನ ಉದ್ದ ಹಿಡಿಸಬೇಕು, ಅಷ್ಟೇ ನೋಡಿದೆ.

ಜೋಡಣೆಗೆ ಒಂದು ಇಡೀ ಮಧ್ಯಾಹ್ನ ಹಿಡಿಯಿತು. ಪ್ರೊಸೆಸರಿನ ಮೂಲೆಯಲ್ಲಿ ಚಿನ್ನದ ಬಣ್ಣದ ಪುಟ್ಟ ತ್ರಿಕೋನ ಇರುತ್ತದೆ, ಸಾಕೆಟ್ಟಿನಲ್ಲೂ ಒಂದು. ಎರಡನ್ನೂ ಹೊಂದಿಸಿ ಬಿಟ್ಟರೆ ತನ್ನ ಭಾರಕ್ಕೇ ಇಳಿದು ಕೂರಬೇಕು, ಒತ್ತಬಾರದು. ಎಎಂ4ನಲ್ಲಿ (ಈ ರೈಜೆನ್‌ಗಳ ಸಾಕೆಟ್) ಪಿನ್‌ಗಳು ಪ್ರೊಸೆಸರಿನ ಕೆಳಗೇ ಇರುವುದರಿಂದ ಒತ್ತಿದರೆ ಬಾಗುತ್ತವೆ. ಕೂಲರ್ ಹತ್ತಿರ ನನಗೊಂದು ಗಾಬರಿ ಕಾದಿತ್ತು. ಜೊತೆಗೆ ಬಂದ ಕೂಲರ್ ಕೂರಿಸಲು ಬೋರ್ಡಿನ ಮೇಲಿನ ಎರಡು ಪ್ಲಾಸ್ಟಿಕ್ ತುಂಡುಗಳನ್ನು ಬಿಚ್ಚಬೇಕು. ನಾಲ್ಕನೆಯ ಸ್ಕ್ರೂ ಬಿಚ್ಚಿದ್ದೇ ತಡ, ಬೋರ್ಡಿನ ಹಿಂದಿನಿಂದ ಲೋಹದ ತಟ್ಟೆ ಠಣ್ ಎಂದು ಮೇಜಿನ ಮೇಲೆ ಬಿತ್ತು. ಏನೋ ಮುರಿಯಿತು ಎಂದೇ ಅಂದುಕೊಂಡೆ. ಆ ತಟ್ಟೆಯನ್ನು ಹಿಡಿದಿದ್ದದ್ದೇ ಆ ನಾಲ್ಕು ಸ್ಕ್ರೂಗಳು. ತಟ್ಟೆಯನ್ನು ಹಿಂದಿನಿಂದ ಒಂದು ಕೈಯಲ್ಲಿ ಒತ್ತಿ ಹಿಡಿದು, ಕೂಲರಿನ ಸ್ಕ್ರೂಗಳನ್ನು ಎದುರುಬದುರು ಮೂಲೆಯಂತೆ ಸ್ವಲ್ಪ ಸ್ವಲ್ಪವೇ ತಿರುಗಿಸುತ್ತ ಬಂದೆ.

ಗುಂಡಿ ಒತ್ತಿದೆ. ಫ್ಯಾನ್‌ಗಳು ತಿರುಗಿದವು, ಪರದೆ ಮಾತ್ರ ಕಪ್ಪು. ಬೋರ್ಡಿನ ಬಲ ಅಂಚಿನಲ್ಲಿ ನಾಲ್ಕು ಪುಟ್ಟ ದೀಪಗಳಿದ್ದವು: ಸಿಪಿಯು, ಡಿರ‍್ಯಾಮ್, ವಿಜಿಎ, ಬೂಟ್. ಎರಡನೆಯದು, ಅಂದರೆ ರ‍್ಯಾಮ್‌ನದು, ಉರಿಯುತ್ತಲೇ ಇತ್ತು. ಪ್ಲಗ್ ತೆಗೆದು ಟಾರ್ಚ್ ಹಿಡಿದು ನೋಡಿದರೆ ಒಂದು ಕಡ್ಡಿಯ ಕೆಳತುದಿ ಕೂದಲೆಳೆಯಷ್ಟು ಮೇಲೆದ್ದಿತ್ತು. ಈ ಬೋರ್ಡಿನಲ್ಲಿ ಕ್ಲಿಪ್ ಇದ್ದದ್ದು ಮೇಲ್ತುದಿಗೆ ಮಾತ್ರ, ಆ ತುದಿ ಕ್ಲಿಕ್ ಎಂದದ್ದು ಕೇಳಿ ನಾನು ಮುಗಿಯಿತು ಎಂದುಕೊಂಡಿದ್ದೆ. ಎರಡೂ ಹೆಬ್ಬೆರಳಿನಿಂದ ಕೆಳತುದಿ ಒತ್ತಿದಾಗ ಸಣ್ಣಗೆ ಇನ್ನೊಂದು ಸದ್ದು ಬಂತು. ಮತ್ತೆ ಆನ್ ಮಾಡಿದಾಗ ಅರ್ಧ ನಿಮಿಷ ಏನೂ ಇಲ್ಲ, ಆಮೇಲೆ ಪರದೆಯ ಮೇಲೆ ಬಿಐಒಎಸ್ ಮೂಡಿತು. ಆ ಕ್ಷಣದ ಖುಷಿಯನ್ನು ಯಾವ ಆಟವೂ ನನಗೆ ಇದುವರೆಗೆ ಕೊಟ್ಟಿಲ್ಲ.

ವಿಂಡೋಸ್ ಹಾಕಿ ಮೊದಲ ವಾರ ಆಡಿದೆ, ಚೆನ್ನಾಗೇ ಇತ್ತು. ಒಂದು ದಿನ ಟಾಸ್ಕ್ ಮ್ಯಾನೇಜರ್ ತೆರೆದಾಗ ರ‍್ಯಾಮ್ ವೇಗ 2400 ಎಂದು ಕಾಣಿಸಿತು. 3200ಕ್ಕೆ ಕೊಟ್ಟ ದುಡ್ಡು ಸುಮ್ಮನೆ ಕೂತಿತ್ತು. ಬಿಐಒಎಸ್‌ಗೆ ಹೋಗಿ ಎಕ್ಸ್‌ಎಂಪಿ ಅನ್ನುವ, ಕಡ್ಡಿಯನ್ನು ಅದರ ಪೂರ್ತಿ ವೇಗಕ್ಕೆ ಏರಿಸುವ ಒಂದೇ ಆಯ್ಕೆ ಆನ್ ಮಾಡಬೇಕಿತ್ತು. ಅದೇ ಗುಮಾನಿಯಲ್ಲಿ ಡಿಸ್‌ಪ್ಲೇ ಸೆಟ್ಟಿಂಗ್ ತೆರೆದರೆ ಮಾನಿಟರ್ ಕೂಡ 60 ಹರ್ಟ್ಸ್‌ನಲ್ಲೇ ಓಡುತ್ತಿತ್ತು. ಪಟ್ಟಿ ಶುರುಮಾಡುವಾಗಲೇ ಬೇಡ ಎಂದಿದ್ದ ಅದೇ ಅಂಕಿ. ಅಲ್ಲಿದ್ದ ಆಯ್ಕೆಗಳಿಂದ 144 ಆರಿಸಿದೆ. ಮೌಸ್ ಬಾಣವನ್ನು ಪರದೆಯ ಈ ಕಡೆಯಿಂದ ಆ ಕಡೆಗೆ ಎಳೆದಾಗಲೇ ಬದಲಾವಣೆ ಕಣ್ಣಿಗೆ ಬಿತ್ತು. ಸ್ವಲ್ಪ ಹೊತ್ತು ಆಟ ತೆರೆಯದೆ ಆ ಬಾಣವನ್ನೇ ಓಡಿಸುತ್ತ ಕೂತಿದ್ದೆ.