ಗಡುಸಾದ ಚರ್ಮದ ಕಾರ್ ಸೀಟುಗಳನ್ನು ಮೃದುಗೊಳಿಸುವ ಬಗೆ

ಮಡಿಕೇರಿಯ ಮಳೆಗಾಲದಲ್ಲಿ ತಿಂಗಳುಗಟ್ಟಲೆ ತೇವ ಹೀರಿ ಬೂಷ್ಟು ಹಿಡಿದ ಚರ್ಮದ ಸೀಟು, ಬೇಸಿಗೆಯ ಬಿಸಿಲಿಗೆ ಒಣಗುವಾಗ ಗಡುಸಾಗುತ್ತದೆ. ಹೊಲಿಗೆಯ ಸಂದುಗಳಲ್ಲಿ ಕುಳಿತ ತೋಟದ ಕೆಮ್ಮಣ್ಣನ್ನು ಮೊದಲು ಮೆತ್ತನೆಯ ಬ್ರಷ್ಷಿನಿಂದ ಸಡಿಲಿಸಿ ತೆಗೆಯಬೇಕು. ಇದನ್ನು ಬಿಟ್ಟು ಉಜ್ಜಿದರೆ ಆ ಕಣಗಳೇ ಮೇಲ್ಪದರವನ್ನು ಗೀರುತ್ತವೆ. ಬಳಿಕ ಲೆದರ್ ಕ್ಲೀನರ್‌ನಿಂದ ಒರೆಸಿ, ನೆರಳಿನಲ್ಲಿ ಬಾಗಿಲು ತೆರೆದಿಟ್ಟು ಪೂರ್ತಿ ಒಣಗಿಸಬೇಕು. ಚರ್ಮವನ್ನು ಮೃದುಗೊಳಿಸುವ ಲೇಪವಾದ ಲೆದರ್ ಕಂಡೀಷನರನ್ನು ಸೀಟಿನ ಮೇಲೆ ನೇರವಾಗಿ ಸುರಿಯದೆ, ಮೈಕ್ರೋಫೈಬರ್ ಬಟ್ಟೆಗೆ ಸ್ವಲ್ಪವೇ ತೆಗೆದುಕೊಂಡು, ಕಾಣದ ಮೂಲೆಯೊಂದರಲ್ಲಿ ಪರೀಕ್ಷಿಸಿ ನೋಡಿದ ಮೇಲೆ ತೆಳ್ಳಗೆ ಹಚ್ಚಬೇಕು. ಅರ್ಧ ಗಂಟೆಯ ನಂತರ ಮೇಲೆ ಉಳಿದುದನ್ನು ಒರೆಸಿ ತೆಗೆಯಿರಿ. ಬಿಗಿತ ಹೋಗದಿದ್ದರೆ ಮರುದಿನ ಇನ್ನೊಂದು ತೆಳು ಲೇಪ ಕೊಡಿ. ಕೊಬ್ಬರಿ ಎಣ್ಣೆಯನ್ನು ಮಾತ್ರ ದಯವಿಟ್ಟು ಹಚ್ಚಬೇಡಿ, ಅದು ಧೂಳನ್ನು ಹಿಡಿದಿಟ್ಟುಕೊಂಡು ಕ್ರಮೇಣ ಕಮಟು ವಾಸನೆ ಬರಿಸುತ್ತದೆ. ಈಗಾಗಲೇ ಬಿರುಕು ಬಿಟ್ಟ ಚರ್ಮವನ್ನು ಯಾವ ಕಂಡೀಷನರೂ ಕೂಡಿಸಲಾರದು. ಅದಕ್ಕೆ ಸೀಟಿನ ಕೆಲಸ ಬಲ್ಲವರನ್ನೇ ಕಾಣಬೇಕು.