ಬ್ರಿಟಿಷ್ ಎಕ್ಸ್‌ಪ್ರೆಸ್ ಮಾದರಿಗೆ ಲಗೇಜ್ ವ್ಯಾನ್ ಕಟ್ಟುವುದು

ಎಂಜಿನ್ನಿಗೆ ಕೊಡುವ ಗಮನವನ್ನು ಮಾದರಿ ಕಟ್ಟುವವರು ವ್ಯಾನಿಗೆ ಕೊಡುವುದಿಲ್ಲ. ರೈಲು ಯಾವ ಕಾಲದ್ದೆಂದು ಹೇಳುವುದೇ ವ್ಯಾನ್. ತುಮಕೂರು ಸ್ಟೇಷನ್ನಿನಲ್ಲಿ ರೈಲು ನಿಂತಾಗ ಎಸ್‌ಎಲ್‌ಆರ್ ಬೋಗಿಯನ್ನು ಗಮನಿಸಿ: ಗಾರ್ಡ್ ಕೋಣೆ, ಪಾರ್ಸೆಲ್ಲಿನ ಅಗಲ ಬಾಗಿಲು. ಬ್ರಿಟನ್ನಿನ ಬ್ರೇಕ್ ವ್ಯಾನಿನ ಕೆಲಸವೂ ಅದೇ ಆಗಿತ್ತು.

ಗೂಡ್ಸ್ ವ್ಯಾಗನ್ ತಂದು ಎಕ್ಸ್‌ಪ್ರೆಸ್‌ಗೆ ಸಿಕ್ಕಿಸಬೇಡಿ. 1889ರಲ್ಲಿ ಐರ್ಲೆಂಡಿನ ಅರ್ಮಾದಲ್ಲಾದ ರೈಲು ಅಪಘಾತದ ಬಳಿಕ ಬ್ರಿಟನ್ನಿನಲ್ಲಿ ಪ್ರಯಾಣಿಕರ ರೈಲಿಗೆ ಉದ್ದಕ್ಕೂ ಕೆಲಸಮಾಡುವ ಬ್ರೇಕ್ ಕಡ್ಡಾಯವಾಯಿತು. ಉಗಿ ಎಂಜಿನ್ ಕಾಲದಲ್ಲಿ ಹಿಂದಿನ ಬೋಗಿಗಳನ್ನು ಬೆಚ್ಚಗಿಡುವ ಉಗಿಯೂ ವ್ಯಾನನ್ನು ದಾಟಿಯೇ ಹೋಗಬೇಕಿತ್ತು. ಆದ್ದರಿಂದ ಎರಡೂ ತುದಿಯಲ್ಲಿ ಬ್ರೇಕಿಗೊಂದು, ಉಗಿಗೊಂದು ಹೋಸ್ ತೋರಿಸಿ.

1950ರ ದಶಕದ ರೈಲಿಗೆ ಬ್ರಿಟಿಷ್ ರೈಲ್ವೇಸ್‌ನ ಮಾರ್ಕ್ 1 ಸರಣಿಯ ಬಿಜಿ ಎಂಬ ಲಗೇಜ್ ವ್ಯಾನ್ ಸರಿ: 57 ಅಡಿ, ನಡುವೆ ಗಾರ್ಡ್ ಕೋಣೆ. ಕಾರು ಒಳಗೆ ಹೋಗುವಂತೆ ತುದಿಯಲ್ಲೂ ಬಾಗಿಲಿದ್ದರೆ ಅದು ಜಿಯುವಿ. ಬ್ರಿಟನ್ನಿನ ಸದರ್ನ್ ರೈಲ್ವೆಯ ಪಾರ್ಸೆಲ್ ವ್ಯಾನ್ ಪಿಎಂವಿ ನಾಲ್ಕೇ ಗಾಲಿಯದು, 32 ಅಡಿ. 1988ರ ನಂತರದ ರೈಲಾದರೆ ಡಿವಿಟಿ: ಎಂಜಿನ್ ಹಿಂದಿನಿಂದ ತಳ್ಳುವಾಗ ಚಾಲಕ ಕೂರುವ, ಲಗೇಜೂ ಹೊರುವ ವ್ಯಾನ್. ಬಣ್ಣ ತಪ್ಪಿದರೆ ಎಲ್ಲ ಕೆಟ್ಟಂತೆ: 1956ರಿಂದ ಮರೂನ್, 1965ರ ನಂತರ ನೀಲಿ ಬಂತು.

ಓಓ ಎಂಬ ಮಾದರಿ ಅಳತೆಯಲ್ಲಿ ನಿಜದ ಒಂದು ಅಡಿಗೆ 4 ಮಿ.ಮೀ. ಬಿಜಿಯ ಉದ್ದ 228, ಅಗಲ 36, ಒಂದೇ ಗಾಲಿಬೋಗಿಯ (ವ್ಯಾನಿನ ಅಡಿಯಲ್ಲಿ ತಿರುಗುವ ನಾಲ್ಕು ಗಾಲಿಯ ಚೌಕಟ್ಟು) ಎರಡು ಅಚ್ಚುಗಳ ನಡುವೆ 34 ಮಿ.ಮೀ. ತುಮಕೂರಿನ ಬಿ.ಎಚ್. ರಸ್ತೆಯ ಸ್ಟೇಷನರಿ ಅಂಗಡಿಯಲ್ಲಿ 300 ಜಿಎಸ್‌ಎಂ ಐವರಿ ಕಾರ್ಡ್ ಕೇಳಿ, ಎರಡು ಪದರ ಅಂಟಿಸಿ. ಕಾಗದದ ನಾರು ಎರಡೂ ಪದರದಲ್ಲಿ ಉದ್ದಕ್ಕೇ ಇರಲಿ, ಅಡ್ಡವಾದರೆ ಪಕ್ಕಗೋಡೆ ತಿರುಚಿಕೊಳ್ಳುತ್ತದೆ. ಫೆವಿಕಾಲ್ ತೆಳ್ಳಗೆ ಸವರಿ, ಭಾರ ಹೇರಿ ರಾತ್ರಿಯಿಡೀ ಬಿಡಿ. ಬಾಗಿಲು, ಕಿಟಕಿ ಕೊರೆದ ಮೇಲೆ ಒಳಗೂ ಹೊರಗೂ ವಾರ್ನಿಶ್ ಹಾಕಿ. ಹೊರಗಷ್ಟೇ ಹಾಕಿದರೆ ಮಳೆಗಾಲದಲ್ಲಿ ಗೋಡೆ ಬಿಲ್ಲಿನಂತೆ ಬಾಗುತ್ತದೆ. ಚಾವಣಿಯ ಕಾರ್ಡನ್ನು ಪಿವಿಸಿ ಪೈಪಿನ ಮೇಲೆ ಉಜ್ಜಿ ಬಾಗಿಸಿ. ಗಾಲಿ, ಗಾಲಿಬೋಗಿ ಸಿದ್ಧವಾದದ್ದನ್ನೇ ತರಿಸಿ.

ಹಳಿ ತಪ್ಪಲು ಮುಖ್ಯ ಕಾರಣ ತೂಕ ಸಾಲದಿರುವುದು. ಬಿಜಿಗೆ ಒಟ್ಟು 150 ಗ್ರಾಂ ಬರುವಂತೆ ಕಬ್ಬಿಣದ ವಾಷರ್‌ಗಳನ್ನು ನೆಲಕ್ಕೆ, ಎರಡೂ ಗಾಲಿಬೋಗಿಗೆ ಭಾರ ಸಮವಾಗಿ ಬೀಳುವಂತೆ ಅಂಟಿಸಿ. ಒಂದು ಗಾಲಿಬೋಗಿ ತಿರುಗುವುದರ ಜೊತೆಗೆ ಎಲ್ಲ ಕಡೆಗೂ ವಾಲಲಿ, ಇನ್ನೊಂದು ಹಿಂದೆಮುಂದೆ ಮಾತ್ರ. ಎರಡೂ ಬಿಗಿಯಾದರೆ ಹಳಿಯ ಸಣ್ಣ ಏರುತಗ್ಗಿಗೇ ಒಂದು ಗಾಲಿ ಮೇಲೇಳುತ್ತದೆ. ನಾಲ್ಕು ಗಾಲಿಯ ಪಿಎಂವಿಯನ್ನು ಉದ್ದ ಬೋಗಿಗಳ ಮುಂದೆ ಸೇರಿಸಿದರೆ ತಿರುವಿನಲ್ಲಿ ಹಿಂದಿನ ಎಳೆತಕ್ಕೆ ಒಳಕ್ಕೆ ಬೀಳುತ್ತದೆ, ರೈಲಿನ ಬಾಲಕ್ಕೇ ಹಾಕಿ.