ಹಾರ್ಮೋನಿಯಂ ದನಿಗಾಗಿ ಸ್ಪೀಕರ್ ಕಟ್ಟಿದ್ದು

ತುಮಕೂರಿನ ಅಂತರಸನಹಳ್ಳಿ ಮಾರುಕಟ್ಟೆ ಹತ್ತಿರ ನನ್ನದೊಂದು ಮೋಟಾರ್ ರಿವೈಂಡಿಂಗ್ ಅಂಗಡಿ ಇದೆ. ಬೋರ್‌ವೆಲ್ ಪಂಪು ಸುಟ್ಟರೆ ಸುತ್ತಲಿನ ಹಳ್ಳಿಗಳ ರೈತರು ಇಲ್ಲಿಗೇ ಹೊತ್ತು ತರುತ್ತಾರೆ. ಅಪ್ಪ ಗುಬ್ಬಿ ಕಡೆಯವರು, ಪೌರಾಣಿಕ ನಾಟಕಗಳಿಗೆ ಹಾರ್ಮೋನಿಯಂ ಮೇಷ್ಟ್ರು. ಗುಬ್ಬಿ ನಾಟಕ ಕಂಪನಿ ಹುಟ್ಟಿದ್ದು 1884ರಲ್ಲಿ. ನಮ್ಮ ಸೀಮೆಯಲ್ಲಿ ಊರಿಗೊಬ್ಬ ಮೇಷ್ಟ್ರು ಇದ್ದದ್ದು ಆ ಕಂಪನಿಯ ಗಾಳಿ ಬೀಸಿದ್ದರಿಂದ ಅಂತ ಅಪ್ಪ ಹೇಳುತ್ತಿದ್ದರು. ಅವರು ಹೋದ ಮೇಲೆ ಅವರ ಕಾಲಲ್ಲಿ ತಿದಿ ತುಳಿಯುವ ಹಾರ್ಮೋನಿಯಂ ಮತ್ತು ನಾಟಕದ ರಾತ್ರಿಗಳಲ್ಲಿ ಯಾರೋ ರೆಕಾರ್ಡ್ ಮಾಡಿಕೊಟ್ಟ ಹನ್ನೊಂದು ಕ್ಯಾಸೆಟ್ ಉಳಿದವು. ಕ್ಯಾಸೆಟ್‌ಗಳನ್ನು ಕಂಪ್ಯೂಟರಿಗೆ ಹಾಕಿಸಿದೆ. ಆದರೆ ಮನೆಯಲ್ಲಿದ್ದ ಟಿವಿ ಸ್ಪೀಕರಿನಲ್ಲಿ ಕೇಳಿದಾಗ ಹಾರ್ಮೋನಿಯಂ ಪೀಪಿಯ ಹಾಗೆ ಕೇಳಿತು. ನಾವೇ ಸ್ಪೀಕರ್ ಕಟ್ಟಿಕೊಳ್ಳುವ ಕಿಟ್ ತರಿಸಿದ್ದು ಆ ನೋವಿಗೆ.

ಎರಡು ದಾರಿಯ ಸ್ಪೀಕರ್ ಅದು. ಒಂದೊಂದಕ್ಕೂ ತಗ್ಗಿನ ದನಿಗೆ ಆರೂವರೆ ಇಂಚಿನ ಒಂದು ವೂಫರ್, ಎತ್ತರದ ದನಿಗೆ ಒಂದಿಂಚಿನ ರೇಷ್ಮೆ ಗುಮ್ಮಟದ ಒಂದು ಟ್ವೀಟರ್. ಜೊತೆಗೆ ಎರಡಕ್ಕೂ ದನಿ ಹಂಚುವ ಕ್ರಾಸ್‌ಓವರ್ ಸರ್ಕ್ಯೂಟಿನ ಬಿಡಿ ಸಾಮಾನು, ಪೆಟ್ಟಿಗೆಯ ಗಾಳಿ ಆಡುವ ಪೋರ್ಟ್ ಕೊಳವೆ, ಒಳಗೆ ಅಂಟಿಸುವ ಪಾಲಿಯೆಸ್ಟರ್ ಹಾಸು ಮತ್ತು ನಕ್ಷೆ. ಮರ ಮಾತ್ರ ನಮ್ಮದೇ. ಕಿಟ್ ಕೊಳ್ಳುವವರು ಡ್ರೈವರ್‌ಗಳ, ಅಂದರೆ ವೂಫರ್ ಟ್ವೀಟರ್‌ಗಳ, ಬ್ರ್ಯಾಂಡ್ ಬಗ್ಗೆ ಗಂಟೆಗಟ್ಟಲೆ ವಾದ ಮಾಡುತ್ತಾರೆ, ಪೆಟ್ಟಿಗೆಯ ಬಗ್ಗೆ ಮಾತೇ ಇಲ್ಲ. ನನಗನ್ನಿಸುವಂತೆ ಅರ್ಧ ಸ್ಪೀಕರ್ ಆ ಪೆಟ್ಟಿಗೆಯೇ. ಹಾರ್ಮೋನಿಯಮ್ಮಿಗೂ ನಮ್ಮ ಕಡೆ ಪೆಟ್ಟಿಗೆ ಅಂತಲೇ ಕರೆಯುವುದು.

18 ಮಿಲಿಮೀಟರ್ ಎಂಡಿಎಫ್ ಹಾಳೆ ತಂದೆ, ಮರದ ನಾರನ್ನು ಅಂಟಿನಲ್ಲಿ ಒತ್ತಿ ಮಾಡಿದ ಹಲಗೆ ಅದು. ಎರಡು ಪೆಟ್ಟಿಗೆಗೆ ಅರ್ಧ ಹಾಳೆ ಧಾರಾಳ. ಹೊರ ಅಳತೆ 22 ಸೆಂಟಿಮೀಟರ್ ಅಗಲ, 36 ಎತ್ತರ, 26 ಆಳ. ಹಲಗೆಯ ದಪ್ಪ ಕಳೆದರೆ ಒಳಗೆ ಹದಿಮೂರು ಲೀಟರಿಗೆ ತುಸು ಹೆಚ್ಚು. ವೂಫರಿನ ಹಿಂಭಾಗ, ಅಡ್ಡಪಟ್ಟಿ, ಕೊಳವೆ ಸೇರಿ ಲೀಟರಿನಷ್ಟು ತಿಂದ ಮೇಲೆ ನಕ್ಷೆ ಕೇಳುವ ಹನ್ನೆರಡು ಲೀಟರು ಉಳಿಯುತ್ತೆ. ಬಿ.ಎಚ್. ರಸ್ತೆಯ ಪೀಠೋಪಕರಣದ ಅಂಗಡಿಯಲ್ಲಿ ದೊಡ್ಡ ಟೇಬಲ್ ಗರಗಸವಿದೆ, ಅಲ್ಲೇ ಕೊಯ್ಯಿಸಿದೆ. ಕೈಗರಗಸದಲ್ಲಿ ಕೊಯ್ದಿದ್ದರೆ ಮೂಲೆಗಳು ಖಂಡಿತ ಕೂಡುತ್ತಿರಲಿಲ್ಲ. ಎಂಡಿಎಫ್ ಧೂಳು ಹಿಟ್ಟಿಗಿಂತ ನುಣ್ಣಗಿರುತ್ತೆ, ಅದರಲ್ಲಿ ಅಂಟಿನ ರಾಸಾಯನಿಕವೂ ಇರುತ್ತೆ. ಮೂಗಿಗೆ ಬಟ್ಟೆ ಕಟ್ಟಿಕೊಂಡರೆ ಸಾಲದು, ಒಳ್ಳೆ ಮಾಸ್ಕ್ ಹಾಕಲೇಬೇಕು. ಕೊಯ್ದ ಅಂಚು ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತೆ, ಹಾಗಾಗಿ ಫೆವಿಕಾಲ್ ತೆಳ್ಳಗೆ ಕಲಸಿ ಅಂಚಿಗೆಲ್ಲ ಎರಡು ಕೈ ಬಳಿದೆ.

ಡ್ರೈವರ್‌ಗಳ ಅಂಚು ಮುಂಭಾಗದ ಹಲಗೆಗೆ ಸಮನಾಗಿ ಕೂರುವಂತೆ ಮರ ಕೊರೆಯುವ ರೂಟರ್ ಯಂತ್ರದಲ್ಲಿ ತಗ್ಗು ತೆಗೆಯಬೇಕು. ಅಂಚು ಮೇಲೆದ್ದಿದ್ದರೆ ಟ್ವೀಟರಿನ ದನಿ ಅದಕ್ಕೆ ತಗುಲಿ ಚದುರುತ್ತೆ. ಈ ಒಂದು ಕೆಲಸವನ್ನು ನುರಿತ ಆಚಾರಿಗೆ ಒಪ್ಪಿಸಿದೆ. ಸ್ಕ್ರೂ ಬಿಗಿಯುವಾಗ ವೂಫರಿನ ಅಯಸ್ಕಾಂತ ಸ್ಕ್ರೂಡ್ರೈವರನ್ನು ಸರಕ್ಕನೆ ಎಳೆಯುತ್ತೆ. ವೂಫರಿನ ನಡುವಿನ ತೆಳು ಕೋನಿನ ಮೇಲೆ ಎಡಗೈ ಅಡ್ಡ ಹಿಡಿದೇ ಬಿಗಿದೆ.

ಪೆಟ್ಟಿಗೆಯಲ್ಲಿ ಸಂದಿ ಇದೆಯೋ ಅಂತ ನೋಡಲು ಪೋರ್ಟಿನ ಬಾಯಿಗೆ ಬಟ್ಟೆ ತುರುಕಿ ಕೋನನ್ನು ಮೆಲ್ಲಗೆ ಒತ್ತಿ ಬಿಟ್ಟೆ. ಗಾಳಿ ಸೋರದಿದ್ದರೆ ಅದು ನಿಧಾನವಾಗಿ ವಾಪಸು ಬರುತ್ತೆ. ಆಮೇಲೆ 30 ಹರ್ಟ್ಸ್‌ನ ದನಿ ಸಣ್ಣಗೆ ಹಾಕಿ ಮೂಲೆಮೂಲೆಗೂ ಊದುಕಡ್ಡಿ ಹಿಡಿದೆ. ಟರ್ಮಿನಲ್ ಹತ್ತಿರ ಹೊಗೆ ನಡುಗಿತು. ಸಿಲಿಕಾನ್ ತುಂಬಿದ ಮೇಲೆ ನೆಟ್ಟಗಾಯಿತು. ಪೋರ್ಟು 5 ಸೆಂಟಿಮೀಟರ್ ವ್ಯಾಸ, 16 ಸೆಂಟಿಮೀಟರ್ ಉದ್ದ. ಬಾಟಲಿಯ ಬಾಯಿಗೆ ಊದಿದರೆ ದನಿ ಬರುತ್ತಲ್ಲ, ಅದೇ ತತ್ವ. ಈ ಅಳತೆಗೆ ಪೆಟ್ಟಿಗೆ ಸುಮಾರು 50 ಹರ್ಟ್ಸ್‌ಗೆ ಶ್ರುತಿಯಾಗುತ್ತೆ.

ಕ್ರಾಸ್‌ಓವರ್ ಬೆಸುಗೆ ಅಂದರೆ ನನ್ನ ನಿತ್ಯದ ಕಸುಬು. ಎರಡು ಕಾಯಿಲ್‌ಗಳನ್ನು ದೂರ ದೂರ, ಒಂದಕ್ಕೊಂದು ಲಂಬವಾಗಿ ಇಟ್ಟೆ. ಪಕ್ಕಪಕ್ಕ ಮಲಗಿಸಿದರೆ ಒಂದರ ಕಾಂತಕ್ಷೇತ್ರ ಇನ್ನೊಂದರೊಳಗೆ ಹೊಕ್ಕುತ್ತೆ ಅನ್ನುವುದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ. ಪಾಲಿಪ್ರೊಪಿಲೀನ್ ಕೆಪಾಸಿಟರ್‌ಗಳೂ ಪರಿಚಿತವೇ, ಪಂಪಿನ ಸ್ಟಾರ್ಟರ್ ಪೆಟ್ಟಿಗೆಯ ರನ್ ಕೆಪಾಸಿಟರಿನ ಜಾತಿಯವು. ಆ ಪರಿಚಯದ ಧೈರ್ಯದಲ್ಲೇ ಒಂದು ತಪ್ಪು ಮಾಡಿದೆ. ನಕ್ಷೆಯಲ್ಲಿ ವೂಫರಿನ ಪ್ಲಸ್ಸು ಪ್ಲಸ್ಸಿಗೆ ಸೇರಿತ್ತು, ಟ್ವೀಟರಿನ ಪ್ಲಸ್ಸು ಮಾತ್ರ ಮೈನಸ್ಸಿಗೆ. ಮುದ್ರಣದೋಷ ಅಂದುಕೊಂಡೆ. ಎರಡು ಪೆಟ್ಟಿಗೆಯಲ್ಲೂ ನಾನೇ ಸರಿಪಡಿಸಿ ಬೆಸೆದೆ.

ತುಮಕೂರಿನ ಬಟವಾಡಿಯಲ್ಲಿರುವ ನಮ್ಮ ಮನೆಯಲ್ಲಿ ಮೊದಲ ಸಲ ಅಪ್ಪನ ಕ್ಯಾಸೆಟ್ ಹಾಕಿದ ಸಂಜೆ ಅಮ್ಮ ಸೆರಗು ಸರಿಮಾಡಿಕೊಂಡು ಎದುರು ಬಂದು ಕೂತರು. ತಬಲಾ ಗುಮ್ಮೆನ್ನುತ್ತಿತ್ತು, ತಾಳ ಝಲ್ಲೆನ್ನುತ್ತಿತ್ತು. ಸ್ವಲ್ಪ ಹೊತ್ತು ಕೇಳಿ ಅಮ್ಮ, "ಚೆನ್ನಾಗೈತೆ. ಆದ್ರೆ ನಿಮ್ಮಪ್ಪನ ಪೆಟ್ಟಿಗೆ ಇದಲ್ಲ" ಅಂದರು. ನನಗೂ ಹಾಗೇ ಅನ್ನಿಸಿತ್ತು. ಹಾರ್ಮೋನಿಯಂ ಕಂಬಳಿಯೊಳಗಿಂದ ನುಡಿದ ಹಾಗಿತ್ತು. ಹಾಡುವವನ ಬಾಯಿ ಕಾಣುತ್ತೆ, ಹಲ್ಲು ಕಾಣಲ್ಲ ಅನ್ನುವಂತೆ.

ಎರಡು ವಾರ ತಪ್ಪು ಜಾಗದಲ್ಲಿ ಹುಡುಕಿದೆ. ಮೊದಲು ಕ್ಯಾಸೆಟ್ ಹಳತಾಗಿದೆ ಅಂದುಕೊಂಡೆ. ಮತ್ತೆ ಊದುಕಡ್ಡಿ ಹಚ್ಚಿದೆ. ಹಾಸನ್ನು ತೆಗೆದು ಹಾಕಿದೆ. ಕೊನೆಗೆ ಗೆಳೆಯನೊಬ್ಬನಿಂದ ಅಳತೆಯ ಮೈಕ್ ಎರವಲು ತಂದೆ. ಅಪ್ಪನ ಹಾರ್ಮೋನಿಯಮ್ಮನ್ನೇ ಮನೆಯ ಹಾಲ್‌ನಲ್ಲಿ ನುಡಿಸಿ ಆ ಮೈಕಿನಲ್ಲಿ ರೆಕಾರ್ಡ್ ಮಾಡಿ ಸ್ಪೀಕರಿನಲ್ಲಿ ಕೇಳಿದೆ. ನಿಜವಾದ ಪೆಟ್ಟಿಗೆ ಪಕ್ಕದಲ್ಲೇ ಇದೆ, ಗಾಳಿಗೆ ನಡುಗಿ ನುಡಿಯುವ ಲೋಹದ ರೀಡಿನ ಆ ಸಣ್ಣ ಕೊರೆತ ಅದರಲ್ಲಿದೆ, ಸ್ಪೀಕರಿನಲ್ಲಿಲ್ಲ. ಕ್ಯಾಸೆಟ್ಟಿನ ಮೇಲಿದ್ದ ಅನುಮಾನ ಅಲ್ಲಿಗೆ ಹೋಯಿತು.

ಮರುದಿನ ಸ್ಪೀಕರನ್ನು ಹಾಲಿನ ನಡುವೆ, ಟ್ವೀಟರ್ ನೆಲದಿಂದ 1.3 ಮೀಟರ್ ಮೇಲಿರುವಂತೆ ಇಟ್ಟು, ಮೈಕನ್ನು ಅದೇ ಎತ್ತರದಲ್ಲಿ ಒಂದು ಮೀಟರ್ ದೂರ ನಿಲ್ಲಿಸಿದೆ. ರೂಮ್ ಈಕ್ಯೂ ವಿಝಾರ್ಡ್ ಅನ್ನುವ ಉಚಿತ ತಂತ್ರಾಂಶದಲ್ಲಿ ಅಳೆದೆ. ನೆಲಕ್ಕೆ ಬಡಿದ ದನಿ ನೇರ ದನಿಗಿಂತ ಸುಮಾರು 5 ಮಿಲಿಸೆಕೆಂಡ್ ತಡವಾಗಿ ಬರುತ್ತೆ, ಅದಕ್ಕೆ ಮುಂಚಿನ ತುಂಡನ್ನಷ್ಟೇ ಉಳಿಸಿಕೊಂಡರೆ ಕೋಣೆಯ ಗದ್ದಲ ಬಹುಪಾಲು ಕಳೆಯುತ್ತೆ. ಯಾವ ಹರ್ಟ್ಸ್‌ನಲ್ಲಿ ದನಿ ಎಷ್ಟು ಜೋರು ಅನ್ನುವ ಗೆರೆ ಪರದೆಯ ಮೇಲೆ ಮೂಡಿತು. 2,500 ಹರ್ಟ್ಸ್ ಹತ್ತಿರ ಬಾವಿಯಂಥ ಗುಂಡಿ. ವೂಫರ್ ಟ್ವೀಟರಿಗೆ ದನಿ ಒಪ್ಪಿಸುವ ಜಾಗವೇ ಅದು.

ಆಗ ನನ್ನ ಕಸುಬೇ ಕಣ್ಣು ತೆರೆಸಿತು. ಸಿಂಗಲ್ ಫೇಸ್ ಮೋಟಾರಿನ ಸ್ಟಾರ್ಟಿಂಗ್ ವೈಂಡಿಂಗಿಗೆ ಕೆಪಾಸಿಟರ್ ಹಾಕುವುದು ಯಾಕೆ? ಆ ಸುರುಳಿಯ ಕರೆಂಟು ಇನ್ನೊಂದಕ್ಕಿಂತ ಮುಂದೆ ಹೋಗಲಿ, ಫೇಸ್, ಅಂದರೆ ಅಲೆ ಏಳುವ ಬೀಳುವ ಹೊತ್ತು, ಬೇರೆಯಾಗಲಿ ಅಂತ. ಇಲ್ಲೂ ಅಷ್ಟೇ. ಈ ಕಿಟ್ಟಿನದು ಸೆಕೆಂಡ್ ಆರ್ಡರ್ ಲಿಂಕ್‌ವಿಟ್ಜ್-ರೈಲಿ ಅನ್ನುವ ಕ್ರಾಸ್‌ಓವರ್ ಜೋಡಣೆ. ಹ್ಯೂಲೆಟ್ ಪ್ಯಾಕರ್ಡ್ ಕಂಪನಿಯಲ್ಲಿದ್ದ ಸೀಗ್‌ಫ್ರೀಡ್ ಲಿಂಕ್‌ವಿಟ್ಜ್ ಮತ್ತು ರಸ್ ರೈಲಿ ಇಬ್ಬರ ಹೆಸರು ಅದಕ್ಕಿದೆ, ಲಿಂಕ್‌ವಿಟ್ಜ್ ಅದರ ಬಗ್ಗೆ ಬರೆದದ್ದು 1976ರಲ್ಲಿ. ದನಿ ಹಂಚಿಹೋಗುವ ಬಿಂದುವಿನಲ್ಲಿ ಟ್ವೀಟರಿನ ಕಡೆಯ ಫಿಲ್ಟರ್ ಫೇಸನ್ನು 90 ಡಿಗ್ರಿ ಮುಂದೆ ತಳ್ಳುತ್ತೆ, ವೂಫರಿನ ಕಡೆಯದು 90 ಡಿಗ್ರಿ ಹಿಂದೆ ಎಳೆಯುತ್ತೆ. ಒಟ್ಟು 180. ಒಬ್ಬ ಗಾಳಿಯನ್ನು ಮುಂದೆ ದೂಡುವಾಗ ಇನ್ನೊಬ್ಬ ಅಷ್ಟೇ ಬಲದಿಂದ ಹಿಂದೆ ಎಳೆದ ಹಾಗೆ. ಇಬ್ಬರ ದುಡಿಮೆಯೂ ಅಲ್ಲೇ ಸೊನ್ನೆ. ಒಂದನ್ನು ತಿರುಗಿಸಿ ಕೊಟ್ಟರೆ ಮಾತ್ರ ಇಬ್ಬರೂ ಒಟ್ಟಿಗೆ ತಳ್ಳುತ್ತಾರೆ. ನಕ್ಷೆ ಬರೆದವರು ತಿಳಿದೇ ತಿರುಗಿಸಿದ್ದರು.

ಅವತ್ತೇ ರಾತ್ರಿ ಟ್ವೀಟರ್ ಬಿಚ್ಚಿ ಎರಡು ತಂತಿ ಅದಲುಬದಲು ಮಾಡಿದೆ. ಒಂದು ಪೆಟ್ಟಿಗೆಗೆ ಹತ್ತು ನಿಮಿಷ. ಗುಂಡಿ ಮುಚ್ಚಿಹೋಯಿತು. ಈಗ ಯಾರೇ ಕಿಟ್ ಕಟ್ಟಿದರೂ ನಾನು ಮೊದಲು ಹೇಳುವುದು, ಒಮ್ಮೆ ಬೇಕೆಂದೇ ಟ್ವೀಟರನ್ನು ತಿರುವಿ ಅಳೆದು ನೋಡಿ ಅಂತ. ಇಂಥ ಜೋಡಣೆಯಲ್ಲಿ ತಪ್ಪು ಕಡೆ ಕೊಟ್ಟಾಗ ಗುಂಡಿ ಆಳವಾಗಿ, ಸರಿಯಾಗಿ ದನಿ ಹಂಚುವ ಜಾಗದಲ್ಲೇ ಬಿದ್ದರೆ ಎರಡು ಡ್ರೈವರೂ ಅಲ್ಲಿ ಸಮಬಲದಲ್ಲಿವೆ, ಬೆಸುಗೆ ಸರಿಯಿದೆ ಅಂತ ಲೆಕ್ಕ.

ಇನ್ನುಳಿದದ್ದು ಹಾಲಿನ ಕೆಲಸ. ನಮ್ಮದು ಹಳೇ ಮನೆ, ರೆಡ್ ಆಕ್ಸೈಡ್ ನೆಲ, ಎದುರು ಬದುರು ಖಾಲಿ ಗೋಡೆ. ಪೆಟ್ಟಿಗೆಗಳನ್ನು ಗೋಡೆಯಿಂದ ಎರಡಡಿ ಮುಂದೆ ತಂದಾಗ ತಬಲಾದ ಗುಮ್ಮು ಅರ್ಧ ಇಳಿಯಿತು. ಅದಕ್ಕಿಂತ ಮುಂದಿಡಲು ಜಾಗವಿಲ್ಲ. ಪೋರ್ಟಿನ ಬಾಯಿಗೆ ಸುರುಳಿ ಸುತ್ತಿದ ಕಾಲುಚೀಲ ಇಟ್ಟಿದ್ದೇನೆ, ಸಾಕಾಗಿದೆ. ಕೇಳುವವರ ಮುಂದೆ ನೆಲಕ್ಕೆ ಜಮಖಾನ ಹಾಸಿದ್ದರಿಂದ ಆದ ಗುಣ ನಾನು ನೆನೆಸಿದ್ದಕ್ಕಿಂತ ದೊಡ್ಡದು, ಚಪ್ಪಾಳೆ ತಟ್ಟಿದಾಗ ಏಳುತ್ತಿದ್ದ ಕೀರಲು ಹೋಯಿತು.

ಅಮ್ಮನಿಗೆ ಮತ್ತೆ ಕೇಳಿಸಿದ್ದು ಭಾನುವಾರ. ಅಪ್ಪ ಒಂದು ಕಂದ ಎತ್ತಿಕೊಡುವ ಮುಂಚೆ ಬೆರಳಿಟ್ಟು ಶ್ರುತಿ ಹಿಡಿಯುತ್ತಾರಲ್ಲ, ಆ ಜಾಗ ಬಂತು. ತಿದಿಯ ಉಸಿರು ಕೇಳಿತು, ರೀಡಿನ ಕೊರೆತವೂ. ಅಮ್ಮ ಏನೂ ಅನ್ನಲಿಲ್ಲ. ಆ ಬದಿ ಮುಗಿಯುವ ತನಕ ಎದ್ದು ಹೋಗಲಿಲ್ಲ.

ಪೆಟ್ಟಿಗೆಗಳಿಗೆ ಇನ್ನೂ ವಿನಿಯರ್ ಹಾಕಿಲ್ಲ. ಆದರೆ ಕೊನೆಯ ಸಲ ಟ್ವೀಟರ್ ಮುಚ್ಚುವ ಮುಂಚೆ ಒಳಗೋಡೆಯ ಮೇಲೆ ಪೆನ್ಸಿಲ್ಲಿನಲ್ಲಿ ಬರೆದಿದ್ದೇನೆ: "ಟ್ವೀಟರ್ ವೈರು ತಿರುಗಿಸಿರುವುದು ಬೇಕೆಂದೇ. ಯಾರೂ ಸರಿಪಡಿಸಬೇಡಿ."